ಬಾವಿಗೂ ಗುಂಡಿಗೂ ನಡುವೆ ಎಷ್ಟು ಅಡಿ?

ಬಂದ್ಯೋಡು: ಮಂಗಳೂರಿನ ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಾಲ್ಕು ದಿನ ನಿಂತವರು, ಅಲ್ಲಿನ ಕಾಲೇಜಿನಲ್ಲಿ ಮಕ್ಕಳನ್ನು ಓದಿಸುವವರು ಬಂದ್ಯೋಡು ಪರಿಸರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿ ಕಕ್ಕಸಿಗೆ ಹೊಯ್ದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ "ಪೈಪಿನಲ್ಲಿ ಹೋಗ್ತದೆ" ಎಂಬ ಉತ್ತರ ಸಿಗುತ್ತದೆ. ಸರಿ. ಊರಿನ ಮನೆಯಲ್ಲಿ ಹೊಯ್ದದ್ದು? ಅದು ಹಿತ್ತಿಲು ದಾಟುವುದಿಲ್ಲ. ಅದೇ ಹಿತ್ತಿಲಲ್ಲಿ ಕುಡಿಯುವ ನೀರಿನ ಬಾವಿಯೂ ಉಂಟು!

ಮಂಗಲ್ಪಾಡಿ ಪಂಚಾಯತಿನ ಈ ಪೇಟೆಗೆ ಒಳಚರಂಡಿ ಜಾಲ ಇಲ್ಲ. ಹೆದ್ದಾರಿಯ ಆಚೀಚೆ, ಪೆರ್ಮುದೆ ರಸ್ತೆಯುದ್ದಕ್ಕೂ ಎದ್ದಿರುವ ಮನೆ, ಅಂಗಡಿ, ಬಾಡಿಗೆ ಕಟ್ಟಡಗಳಿಗೆಲ್ಲ ಅವರವರ ಸೆಪ್ಟಿಕ್ ಟ್ಯಾಂಕ್ ಅಥವಾ ಗುಂಡಿಯೇ ಗತಿ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ ಪ್ರತಿ ಮನೆಯೂ ಒಂದು ಸಣ್ಣ ತ್ಯಾಜ್ಯ ನೀರು ಸಂಸ್ಕರಣಾ ಘಟಕ. ಆದರೆ ಈ ಘಟಕಕ್ಕೆ ಎಂಜಿನಿಯರ್ ಇಲ್ಲ, ದಿನಚರಿ ಪುಸ್ತಕ ಇಲ್ಲ, ವರ್ಷದ ದುರಸ್ತಿಯೂ ಇಲ್ಲ. "ತುಂಬಿದಾಗ ನೋಡಿದ್ರಾಯ್ತು ಮಾರಾಯ್ರೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ನಗರದ ಘಟಕದಲ್ಲಿ ನಡೆಯುವುದೆಂತ?

ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದ ಯೋಜನೆಯಲ್ಲಿ ಮಂಗಳೂರಿನ ಕಾವೂರು, ಬಜಾಲ್, ಸುರತ್ಕಲ್, ಪಚ್ಚನಾಡಿಗಳಲ್ಲಿ ಸಂಸ್ಕರಣಾ ಘಟಕಗಳು ನಿರ್ಮಾಣವಾದವು. ಕಾವೂರಿನದ್ದೇ ದೊಡ್ಡದು, ದಿನಕ್ಕೆ 43.5 ದಶಲಕ್ಷ ಲೀಟರ್ ಸಾಮರ್ಥ್ಯ. ಬಜಾಲಿನದ್ದು 20, ಸುರತ್ಕಲ್ಲಿನದ್ದು 16.5 ದಶಲಕ್ಷ ಲೀಟರ್. ಸಂಸ್ಕರಿಸಿದ ನೀರು ವಿಶೇಷ ಆರ್ಥಿಕ ವಲಯದ ಕೈಗಾರಿಕೆಗಳಿಗೂ ಹೋಗಿದೆ.

ಇಂಥ ಘಟಕಗಳಲ್ಲಿ ಕೊಳೆಯನ್ನು ತಿನ್ನುವುದು ಯಂತ್ರವಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಮೊದಲು ಜಾಲರಿಯಲ್ಲಿ ಬಟ್ಟೆ, ಪ್ಲಾಸ್ಟಿಕ್ ತಡೆಯುತ್ತಾರೆ. ಮರಳು ತಳಕ್ಕೆ ಕೂರುತ್ತದೆ. ಬಳಿಕ ದೊಡ್ಡ ತೊಟ್ಟಿಯಲ್ಲಿ ಗಾಳಿ ಊದಿ ಆ ಜೀವಿಗಳನ್ನು ಸಾಕುತ್ತಾರೆ. ಗಾಳಿ ಊದುವ ರಂಧ್ರಗಳು ಕಟ್ಟಿಕೊಂಡರೆ, ಪಂಪು ಕೆಟ್ಟರೆ, ತಳದ ಕೆಸರು ಏರಿದರೆ ಜೀವಿಗಳು ಸಾಯುತ್ತವೆ, ಬಂದ ಕೊಳೆ ಬಂದ ಹಾಗೆಯೇ ಹೊರಗೆ ಹೋಗುತ್ತದೆ. ಆದ್ದರಿಂದಲೇ ಕೆಡುವವರೆಗೆ ಕಾಯದೆ, ಮೊದಲೇ ದಿನ ಗೊತ್ತು ಮಾಡಿ ತೊಟ್ಟಿ ಖಾಲಿ ಮಾಡಿ ತೊಳೆಯುವ ಕ್ರಮ. ನಗರದ ಕೊಳೆ ಒಂದು ದಿನವೂ ನಿಲ್ಲುವುದಿಲ್ಲವಾದ್ದರಿಂದ ಒಂದು ತೊಟ್ಟಿ ನಿಲ್ಲಿಸಿ ಇನ್ನೊಂದರಲ್ಲಿ ಕೆಲಸ ಸಾಗಿಸಬೇಕು. ಅದಕ್ಕೆ ಬೇಸಿಗೆಯೇ ಅನುಕೂಲ. ಮಳೆಗಾಲದಲ್ಲಿ ಮಳೆನೀರೂ ಒಳಚರಂಡಿಗೆ ನುಗ್ಗುವುದರಿಂದ ಒಂದು ತೊಟ್ಟಿಯನ್ನೂ ನಿಲ್ಲಿಸುವುದು ಕಷ್ಟ. ತೊಳೆದ ತೊಟ್ಟಿಯಲ್ಲಿ ಜೀವಿಗಳು ಮತ್ತೆ ಬೆಳೆಯಲು ವಾರಗಳೇ ಬೇಕು. ಹಾಗಾಗಿ ಹಳೆಯ ಕೆಸರನ್ನು ಸ್ವಲ್ಪ ಹೆಪ್ಪಿನ ಹಾಗೆ ಹಾಕುತ್ತಾರೆ, ಮೊಸರಿಗೆ ಹಾಕುವಂತೆಯೇ.

ಹಿತ್ತಿಲ ಸೆಪ್ಟಿಕ್ ಟ್ಯಾಂಕಿನ ನಿಯಮವೂ ಇದೇ. ಅಲ್ಲಿ ಗಾಳಿ ಇಲ್ಲದೆ ಬದುಕುವ ಜೀವಿಗಳು ಕೆಲಸ ಮಾಡುತ್ತವೆ. ಭಾರದ್ದು ತಳಕ್ಕೆ ಇಳಿದು ಕೆಸರಾಗುತ್ತದೆ, ಹಗುರದ್ದು ಮೇಲೆ ಕೆನೆಗಟ್ಟುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹೋಗುತ್ತದೆ. ಕೆಸರು ಟ್ಯಾಂಕಿನ ಮೂರರಲ್ಲೊಂದು ಪಾಲು ಏರಿದರೆ ನೀರು ನಿಂತು ತಿಳಿಯಾಗಲು ಜಾಗವೇ ಉಳಿಯುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು ಎಂದು ತಜ್ಞರು ಹೇಳುವುದು ಇದಕ್ಕೇ. ತೆಗೆಸುವಾಗ ತಳದಲ್ಲಿ ಒಂದಿಂಚಿನಷ್ಟು ಬಿಡಬೇಕು, ಹೆಪ್ಪಿಗೆ. ಊರಲ್ಲಿ ಮನೆ ಒಕ್ಕಲಾದ ಮೇಲೆ ಮುಚ್ಚಳ ತೆಗೆಯದ ಟ್ಯಾಂಕುಗಳೇ ಹೆಚ್ಚು. "ನಮ್ಮದು ಇಪ್ಪತ್ತು ವರ್ಷ ಆಯ್ತು, ತುಂಬ್ಲೇ ಇಲ್ಲ" ಎಂದು ಹೆಮ್ಮೆಪಡುವವರೂ ಇದ್ದಾರೆ. ತುಂಬದಿದ್ದರೆ ಅದು ಎಲ್ಲಿಗೋ ಸೋರಿ ಹೋಗುತ್ತಿದೆ ಎಂದೇ ಅರ್ಥ.

ಐದು ಸೆಂಟ್ಸಿನ ಲೆಕ್ಕ

ಎಲ್ಲಿಗೆ ಸೋರುತ್ತದೆ ಎಂಬುದೇ ಇಲ್ಲಿ ಮುಖ್ಯ. ಮೂಡು ಬದಿಯ ಗುಡ್ಡಗಳದ್ದು ಮುರಕಲ್ಲು, ಪಡು ಬದಿಯ ಕಡಲ ತೀರದ್ದು ಹೊಯ್ಗೆ. ಎರಡರಲ್ಲೂ ನೀರು ಬೇಗ ಇಳಿಯುತ್ತದೆ. ಮುರಕಲ್ಲಿನ ತೂತುಗಳಲ್ಲಂತೂ ಸೋಸುವ ಕೆಲಸ ಹೆಚ್ಚಾಗುವುದಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಆಟಿಯಲ್ಲಿ ಬಾವಿ ನೀರು ಕೈಗೆಟಕುವಷ್ಟು ಮೇಲೆ ಬರುತ್ತದಲ್ಲ, ಆಗ ಪಕ್ಕದ ಗುಂಡಿಯ ತಳವೂ ಅದೇ ನೀರಿನಲ್ಲಿ ಮುಳುಗಿರುತ್ತದೆ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಎರಡು ಮೀಟರ್ ಒಣಮಣ್ಣು ಇರಬೇಕೆಂಬ ಮಾತು ಮಳೆಗಾಲದಲ್ಲಿ ನೀರಿನಲ್ಲೇ ಹೋಗುತ್ತದೆ.

ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್, ಅಂದರೆ ಸುಮಾರು 25 ಅಡಿ ಒಳಗೆ ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಯಾವುದೂ ಕೂಡದು. ಭಾರತೀಯ ಮಾನಕ ಸಂಸ್ಥೆಯ ಸಂಹಿತೆ ಇನ್ನೂ ಬಿಗಿ: ನೀರು ಇಂಗಿಸುವ ವ್ಯವಸ್ಥೆ ಬಾವಿಯಿಂದ 18 ಮೀಟರ್ ದೂರ ಇರಬೇಕು.

ಈಗ ಐದು ಸೆಂಟ್ಸ್ ಜಾಗ ತೆಗೆದುಕೊಳ್ಳಿ. ಸುಮಾರು 200 ಚದರ ಮೀಟರ್. ಚೌಕಾಕಾರವಿದ್ದರೆ ಒಂದು ಬದಿ 14 ಮೀಟರ್, ಮೂಲೆಯಿಂದ ಮೂಲೆಗೆ 20 ಮೀಟರ್. ಒಂದು ಮೂಲೆಯಲ್ಲಿ ಬಾವಿ, ಎದುರು ಮೂಲೆಯಲ್ಲಿ ಗುಂಡಿ, ನಡುವೆ ಮನೆ ಎಂದು ಇಟ್ಟರೆ 7.5 ಮೀಟರ್ ಸುಲಭವಾಗಿ ಸಿಗುತ್ತದೆ. 18 ಮೀಟರ್ ಸಿಗುವುದು ಬಹಳ ಕಷ್ಟ. ಆದರೆ ಮೂಲೆಯ ಬಾವಿಗೆ ಆಚೆ ಮನೆಯವರ ಗುಂಡಿ ಎಷ್ಟು ಹತ್ತಿರ? ಅದನ್ನು ಅಳೆದವರು ಯಾರು? ತರವಾಡು ಮನೆಯ ಜಾಗ ಪಾಲಾಗಿ ಹತ್ತು, ಐದು ಸೆಂಟ್ಸುಗಳಾದಾಗ ಬಾವಿ ಇದ್ದಲ್ಲೇ ಉಳಿಯಿತು, ಗುಂಡಿಗಳು ಮಾತ್ರ ಒಂದಕ್ಕೆ ನಾಲ್ಕಾದವು. ಕೇರಳದ ಕರಾವಳಿಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 200 ತೆರೆದ ಬಾವಿಗಳಿವೆ ಎಂಬ ಲೆಕ್ಕ ಉಂಟು. ಹತ್ತಿರ ಹತ್ತಿರ ಅಷ್ಟೇ ಗುಂಡಿಗಳು ಎಂದಿಟ್ಟುಕೊಂಡರೂ ಸಾಕು, ಸ್ಥಿತಿ ಅರ್ಥವಾಗುತ್ತದೆ.

ಕಾಮಾಲೆ, ಟೈಫಾಯ್ಡ್, ವಾಂತಿಭೇದಿ ಬಂದಾಗ ಹೋಟೆಲಿನ ಊಟವನ್ನು, ಮದುವೆಯ ಶರಬತ್ತನ್ನು ದೂರುವುದು ವಾಡಿಕೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೇಂಗೂರಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಕಾಮಾಲೆ ತಗಲಿದ್ದು ಕುಡಿಯುವ ನೀರಿನಿಂದ.

ಗಾಡಿ ಬಂದರೂ ಮುಗಿಯದ ಪ್ರಶ್ನೆ

ಕೆಸರು ತೆಗೆಸಲು ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ ಹಣದ್ದು, ಎರಡನೆಯದು ಅದಕ್ಕಿಂತ ದೊಡ್ಡದು: ತೆಗೆದದ್ದನ್ನು ಎಲ್ಲಿ ಹಾಕುತ್ತಾರೆ? ರಾತ್ರಿ ಹೊತ್ತು ತೋಡಿಗೆ, ಹೊಳೆಬದಿಗೆ, ಖಾಲಿ ಜಾಗಕ್ಕೆ ಸುರಿದು ಸಿಕ್ಕಿಬಿದ್ದ ಟ್ಯಾಂಕರುಗಳ ಸುದ್ದಿ ಕೇರಳದಲ್ಲಿ ಹೊಸದಲ್ಲ. ಮನೆಯ ಟ್ಯಾಂಕ್ ಖಾಲಿಯಾಯಿತು, ಊರಿನ ತೋಡು ತುಂಬಿತು ಎಂಬಂತಾದರೆ ಪ್ರಯೋಜನವಿಲ್ಲ. ತಿರುವನಂತಪುರದ ಮುಟ್ಟತ್ತರದಲ್ಲಿ ದಿನಕ್ಕೆ 107 ದಶಲಕ್ಷ ಲೀಟರಿನ ಘಟಕ ಇದೆ. ಆದರೆ ಅದು ರಾಜ್ಯದ ಆ ತುದಿಯಲ್ಲಿ! ಕಾವೂರು, ಬಜಾಲ್ ಹತ್ತಿರವೇ ಇದ್ದರೂ ಅವು ತಲಪಾಡಿಯ ಆಚೆ, ಬೇರೆ ರಾಜ್ಯದ್ದು.

ಘಟಕ ಬೇಕು, ಆದರೆ ನಮ್ಮ ಮನೆ ಹತ್ತಿರ ಬೇಡ ಎಂಬುದು ಎಲ್ಲ ಊರಿನ ಮಾತು. 2022ರಲ್ಲಿ ಕೋಝಿಕ್ಕೋಡಿನ ಆವಿಕ್ಕಲ್ ತೋಡು, ಕೋತಿ ಎಂಬಲ್ಲಿ ಇಂಥ ಘಟಕಗಳ ವಿರುದ್ಧ ಜನ ಬೀದಿಗಿಳಿದರು, ಪೊಲೀಸರೊಡನೆ ಘರ್ಷಣೆಯೂ ನಡೆಯಿತು. ಅಲ್ಲಿನವರ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ. ಕಟ್ಟಿದ ಮೇಲೆ ನಿರ್ವಹಣೆ ಸರಿಯಾಗಿ ನಡೆಯುತ್ತದೆ ಎಂಬ ನಂಬಿಕೆ ಇಲ್ಲದಿದ್ದರೆ ಯಾರು ತಾನೆ ಒಪ್ಪಿಯಾರು?

ಇನ್ನೊಂದು ಸಂಗತಿಯನ್ನು ಗಟ್ಟಿಯಾಗಿಯೇ ಹೇಳಬೇಕು. ಗಾಡಿಯ ಖರ್ಚು ಉಳಿಸಲೆಂದು ಕೂಲಿಯವರನ್ನು ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಮೊದಲು ಇಳಿದವರನ್ನು ಎತ್ತಲು ಹೋದವರೂ ಸಾಯುವುದು ಇದರಿಂದಲೇ. ಇಂಥ ಸಾವಿಗೆ ಪರಿಹಾರದ ಮೊತ್ತವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ. ಮುಚ್ಚಳ ತೆಗೆದಾಗ ಬಗ್ಗಿ ನೋಡುವುದು, ಬೀಡಿ ಹಚ್ಚುವುದು ಎರಡೂ ಕೂಡದು.

ಬಾವಿಗೆ ಎಷ್ಟು ಪುಡಿ?

ಮಿದುಳು ತಿನ್ನುವ ಅಮೀಬಾದ ಭೀತಿಯ ನಡುವೆ 2025ರ ಆಗಸ್ಟ್ ಕೊನೆಯಲ್ಲಿ ಕೇರಳದಾದ್ಯಂತ ಬಾವಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನ ನಡೆಯಿತು. (ಆ ಅಮೀಬಾ ಹೋಗುವುದು ಮೂಗಿನ ಮೂಲಕ, ಕುಡಿದ ನೀರಿನಿಂದಲ್ಲ.) ಸೂಚನೆಯ ಚೀಟಿ ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಮೊಮ್ಮಕ್ಕಳೇ ಗತಿ. ಆದ್ದರಿಂದ ಲೆಕ್ಕ ಇಲ್ಲಿದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್. ರೋಗ ಹರಡಿರುವಾಗ, ನೆರೆನೀರು ಬಾವಿಗೆ ನುಗ್ಗಿದಾಗ ಐದು ಗ್ರಾಂ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 28 ಸಾವಿರ ಲೀಟರ್. ಅದಕ್ಕೆ 70 ಗ್ರಾಂ ಪುಡಿ. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಬಕೆಟಿನ ಮುಕ್ಕಾಲು ಪಾಲು ನೀರು ಸೇರಿಸಿ ಹತ್ತು ನಿಮಿಷ ಬಿಡಬೇಕು. ಮೇಲಿನ ತಿಳಿಯನ್ನು ಮಾತ್ರ ಬಾವಿ ಕೊಡಪಾನಕ್ಕೆ ಹೊಯ್ದು, ನೀರಿನೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಕಳೆದು ಬಳಸಬಹುದು. ಕುಡಿಯುವುದನ್ನು ಕುದಿಸಿಯೇ ಕುಡಿಯಬೇಕು. ಕುದಿಸಿದ್ದಕ್ಕೆ ತಣ್ಣೀರು ಬೆರೆಸಿ "ಬಿಸಿನೀರು" ಮಾಡಿದರೆ ಕುದಿಸಿದ ಗ್ಯಾಸ್ ದಂಡ.

ಗುಂಡಿ ಸೋರುತ್ತಿದ್ದರೆ ಪುಡಿಯ ಕೆಲಸ ಕೆಲವೇ ದಿನ. ಪತ್ತನಾಜೆಯೊಳಗೆ ಮಾಡಿನ ಓಡು ಸರಿಮಾಡಿ, ಕಟ್ಟಿಗೆ ಒಳಗಿಟ್ಟು, ಬಾವಿಯ ಕೆಸರು ತೆಗೆಸುವ ಕ್ರಮ ತುಳುನಾಡಿನಲ್ಲಿ ಹಿಂದಿನಿಂದಲೂ ಉಂಟು. ಟ್ಯಾಂಕಿನ ಕೆಸರಿಗೂ ಅದೇ ಹೊತ್ತು ಸರಿ. ಗಾಡಿಗೆ ಹೇಳುವ ಮೊದಲು ಒಯ್ಯುವ ಜಾಗ ಯಾವುದೆಂದು ಗಾಡಿಯವರಲ್ಲೂ ಪಂಚಾಯತಿನಲ್ಲೂ ಕೇಳಬೇಕು. ಬಾವಿ ಹಗ್ಗದಲ್ಲೇ 25 ಅಡಿ ಗುರುತು ಮಾಡಿ ತಮ್ಮ ಗುಂಡಿಗೂ ನೆರೆಯವರ ಗುಂಡಿಗೂ ಅಳೆದು ನೋಡಬಹುದು. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ ಎಷ್ಟೋ ಹೊಸ ಮನೆಗಳಲ್ಲಿ ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂಬುದೇ ಈಗ ಯಾರಿಗೂ ಗೊತ್ತಿಲ್ಲ. ಕಟ್ಟಿದ ಮೇಸ್ತ್ರಿಯನ್ನು ಹುಡುಕಿ ಕೇಳಬೇಕಷ್ಟೇ.