ಎರೆಮಣ್ಣಿನ ಹಾದಿಯಲ್ಲಿ ತಡವರಿಸುವ ಗೇರು

ಸುರಪುರದ ನಾಯಕ ಅರಸರ ಕಾಲದಲ್ಲಿ, 17ನೇ ಶತಮಾನದಲ್ಲಿ ನಿರ್ಮಾಣಗೊಂಡು, 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅವರಿಂದ ಮಾರ್ಪಾಡು ಕಂಡ ಬೋನಾಳ ಕೆರೆ ಇಂದು ಪಕ್ಷಿಧಾಮವೆಂದು ಹೆಸರಾಗಿದೆ. ಈ ಕೆರೆಯ ಸುತ್ತಲಿನ ಸೀಮೆಯ ಕಚ್ಚಾ ಹಾದಿಗಳಿಗೆ ಮೌಂಟನ್ ಬೈಕು ತಕ್ಕ ವಾಹನವೇ ಆದರೂ, ನೀರು ಹೀರಿ ಉಬ್ಬುವ, ಒಣಗಿದೊಡನೆ ಕಲ್ಲಿನಂತೆ ಬಿಗಿಯುವ ಎರೆಮಣ್ಣು ಅದರ ಹಿಂದಿನ ಗೇರಿಗೆ ಕಠಿಣ ಪರೀಕ್ಷೆಯನ್ನೇ ಒಡ್ಡುತ್ತದೆ. ರಾಜ್ಯ ಸರ್ಕಾರವು 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ವಿತರಿಸಿದ ಸೈಕಲ್ಲುಗಳಿಗೆ ಗೇರುಗಳಿರಲಿಲ್ಲವಾದ್ದರಿಂದ, ಪಂಕ್ಚರ್ ಹಾಕುವುದರಲ್ಲಿ, ಗಾಲಿಯ ಬೆಂಡು ತೆಗೆಯುವುದರಲ್ಲಿ ಪಳಗಿದ ಹಳ್ಳಿಯ ಕೈಗಳಿಗೂ ಗೇರಿನ ದುರಸ್ತಿ ಹೊಸ ವಿದ್ಯೆಯೇ ಸರಿ.

ಹಿಂದಿನ ಗಾಲಿಯ ನಡುವೆ ಒಂದರ ಪಕ್ಕ ಒಂದರಂತೆ ಜೋಡಿಸಿದ ಹಲ್ಲುಚಕ್ರಗಳ ಗುಂಪಿಗೆ ಕ್ಯಾಸೆಟ್ ಎಂದೂ, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ತೋಳಿಗೆ ಡಿರೇಲರ್ ಎಂದೂ ಹೆಸರು. ಸಾಮಾನ್ಯ ರಚನೆಯಲ್ಲಿ ಚೈನನ್ನು ದೊಡ್ಡ ಚಕ್ರಕ್ಕೆ ಏರಿಸುವುದು ಸವಾರನ ಹೆಬ್ಬೆರಳು ಎಳೆಯುವ ಕೇಬಲ್ಲು. ಸಣ್ಣ ಚಕ್ರಕ್ಕೆ ಇಳಿಸುವುದು ಡಿರೇಲರಿನೊಳಗಿನ ಸ್ಪ್ರಿಂಗ್ ಮಾತ್ರ. ದೋಷ ಪತ್ತೆಯ ಮುಖ್ಯ ಸುಳಿವು ಇಲ್ಲಿಯೇ ಇದೆ. ಕೇಬಲ್ಲಿನ ಹೊರಕವಚವಾದ ಔಟರಿನೊಳಗೆ ಮಣ್ಣು ಸೇರಿ ಒಣಗಿದರೆ ಹೆಬ್ಬೆರಳು ಆ ತಡೆಯನ್ನು ಮೀರಿ ಎಳೆಯಬಲ್ಲದು, ಆದರೆ ಸ್ಪ್ರಿಂಗಿಗೆ ಅಷ್ಟು ಬಲವಿರುವುದಿಲ್ಲ. ಆದ್ದರಿಂದ ಏರುವಾಗ ಸರಿಯಿದ್ದು ಇಳಿಯುವಾಗ ಗೇರು ತಡವರಿಸಿದರೆ ಮೊದಲು ಔಟರನ್ನೂ ಕೇಬಲ್ಲನ್ನೂ ಬಿಚ್ಚಿ ನೋಡಬೇಕು, ತುಕ್ಕು ಕಂಡರೆ ಎರಡನ್ನೂ ಬದಲಿಸಬೇಕು.

ಇದಕ್ಕೆ ವಿರುದ್ಧವಾಗಿ, ದೊಡ್ಡ ಚಕ್ರಕ್ಕೆ ಏರಲು ಚೈನು ಹಿಂಜರಿದರೆ ಕೇಬಲ್ಲು ಸಡಿಲವಾಗಿದೆ ಎಂದರ್ಥ. ಕೇಬಲ್ಲಿನ ತುದಿಯಲ್ಲಿರುವ, ಕೈಯಿಂದಲೇ ತಿರುಗಿಸಬಹುದಾದ ಬ್ಯಾರಲ್ ಅಡ್ಜಸ್ಟರನ್ನು ಬಿಚ್ಚುವ ದಿಕ್ಕಿಗೆ ಕಾಲು ಸುತ್ತಿನಂತೆ ತಿರುಗಿಸುತ್ತಾ, ಪ್ರತಿ ಸಲವೂ ಪೆಡಲ್ ತುಳಿದು ಪರೀಕ್ಷಿಸಿದರೆ ಬಿಗಿ ಹದಕ್ಕೆ ಬರುತ್ತದೆ. ಹತ್ತು ಗೇರುಗಳ ಕ್ಯಾಸೆಟ್ಟಿನಲ್ಲಿ ಎರಡು ಚಕ್ರಗಳ ನಡುವಿನ ಅಂತರ ಸುಮಾರು 4 ಮಿಲಿಮೀಟರ್ ಮಾತ್ರವಿರುವುದರಿಂದ ಇದಕ್ಕೆ ತಾಳ್ಮೆ ಅತ್ಯಗತ್ಯ.

ಕೆಲವು ಗೇರುಗಳಲ್ಲಿ ಸರಿಯಾಗಿದ್ದು ಉಳಿದವುಗಳಲ್ಲಿ ಸದ್ದು ಮಾಡುವ ಸೈಕಲ್ಲು ಬಲಮಗ್ಗುಲಿಗೆ ಬಿದ್ದಿತ್ತೇ ಎಂದು ವಿಚಾರಿಸುವುದು ಒಳ್ಳೆಯದು. ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಎಂಬ ತುಂಡು, ಪೆಟ್ಟು ಬಿದ್ದಾಗ ಚೌಕಟ್ಟಿಗೆ ಬದಲಾಗಿ ತಾನು ಬಾಗಲೆಂದೇ ಮೆತು ಲೋಹದಿಂದ ಮಾಡಲ್ಪಟ್ಟಿರುತ್ತದೆ. ಹಿಂದಿನಿಂದ ನೋಡಿದಾಗ ಡಿರೇಲರಿನ ಎರಡು ಪುಟ್ಟ ಚಕ್ರಗಳು ಕ್ಯಾಸೆಟ್ಟಿಗೆ ಸಮಾನಾಂತರವಾಗಿ ನಿಲ್ಲದಿದ್ದರೆ ಹ್ಯಾಂಗರನ್ನು ನೇರಗೊಳಿಸುವವರೆಗೆ ಬೇರಾವ ಹೊಂದಾಣಿಕೆಯೂ ಫಲಿಸುವುದಿಲ್ಲ. ಬಲವಾಗಿ ತುಳಿದಾಗ ಮಾತ್ರ ಚೈನು ಜಿಗಿಯುತ್ತಿದ್ದರೆ ಸವೆತವನ್ನು ಅಳೆಯಬೇಕು: ಹೊಸ ಚೈನಿನ 12 ಪೂರ್ಣ ಕೊಂಡಿಗಳು 12 ಇಂಚು ಇರುತ್ತವೆ, ಅದು ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗಿದ್ದರೆ ಚೈನನ್ನು ಬದಲಿಸುವ ಕಾಲ ಬಂದಿದೆ.

ಎಚ್ ಮತ್ತು ಎಲ್ ಎಂಬ ಗುರುತಿನ ಲಿಮಿಟ್ ಸ್ಕ್ರೂಗಳು ಡಿರೇಲರ್ ಕ್ರಮವಾಗಿ ಅತಿ ಸಣ್ಣ ಮತ್ತು ಅತಿ ದೊಡ್ಡ ಚಕ್ರವನ್ನು ದಾಟಿ ಹೋಗದಂತೆ ತಡೆಯುವ ಗಡಿಗಳಷ್ಟೇ. ಒಮ್ಮೆ ಸರಿಯಾಗಿ ಕೂಡಿಸಿದರೆ ಅವು ತಾವಾಗಿ ಕದಲುವುದು ಅಪರೂಪ. ಗೇರು ಕೆಟ್ಟೊಡನೆ ಸ್ಕ್ರೂ ಡ್ರೈವರ್ ಹಿಡಿದು ಅವುಗಳಿಗೇ ಕೈಹಾಕುವುದು ಬಹಳ ಕಡೆ ರೂಢಿಯಾಗಿದ್ದು, ಇದು ಅಪಾಯಕಾರಿ ತಪ್ಪು. ಎಲ್ ಸ್ಕ್ರೂ ಸಡಿಲವಾದರೆ ಚೈನು ಕಡ್ಡಿಗಳೊಳಗೆ ಸಿಕ್ಕಿ ಓಡುವ ಗಾಲಿ ಹಠಾತ್ತನೆ ನಿಲ್ಲಬಹುದು. ಓದುಗರು ಮಣ್ಣು, ಕೇಬಲ್ಲು, ಹ್ಯಾಂಗರುಗಳನ್ನು ಪರೀಕ್ಷಿಸಿ ಮುಗಿಸುವವರೆಗೆ ಈ ಎರಡು ಸ್ಕ್ರೂಗಳನ್ನು ದಯವಿಟ್ಟು ಮುಟ್ಟದಿರಲಿ.