ನಿಮಗಿದು ಗೊತ್ತೇ? ಲಂಡನ್ನಿನ ಸೀರಿಯಲ್ಲು, ಬನಶಂಕರಿಯ ನಾಟಕ

ಬ್ರಿಟನ್ನಿನ ಟಿ.ವಿ. ಎಂದರೆ ಏನೆಲ್ಲ ನೆನಪಾಗುತ್ತದೆ? ಕೊಲೆಯ ಪತ್ತೇದಾರಿ, ಮುಗಿಯದ ಮನೆಮಂದಿಯ ಜಗಳ, ನಗೆನಾಟಕ, ವಿಚಿತ್ರ ಲೋಕದ ಸಾಹಸ. ಇವುಗಳಲ್ಲಿ ಯಾವುದೂ ನಮ್ಮ ಬಾದಾಮಿ, ಹುನಗುಂದ ಸೀಮೆಗೆ ಹೊಸದಲ್ಲ! ನಂಬಿಕೆ ಬರುತ್ತಿಲ್ಲವೇ? ಬನ್ನಿ, ಬಾದಾಮಿ ಬಳಿಯ ಮಹಾಕೂಟದ ಸುತ್ತಲೇ ಒಂದು ಸುತ್ತು ಹಾಕೋಣ.

ಮಹಾಕೂಟದಿಂದ ಪಟ್ಟದಕಲ್ಲು ದೂರವೇನಿಲ್ಲ. ಅಲ್ಲಿ 8ನೇ ಶತಮಾನದ ಒಂದು ಕಂಬದ ಶಾಸನವಿದೆ. ಅದರಲ್ಲಿ ರಾಜನ ಯುದ್ಧವಿಲ್ಲ, ದಾನದತ್ತಿಯೂ ಇಲ್ಲ. ಇರುವುದು ಅಚಲ ಎಂಬ ನಟನ ಹೊಗಳಿಕೆ! ನಾಟ್ಯಶಾಸ್ತ್ರದ ಭರತನ ಹಾದಿಯಲ್ಲಿ ಪಳಗಿದ ಈ ಸಿಂಹದ ಮುಂದೆ ಎದುರಾಳಿ ನಟರೆಂಬ ಆನೆಗಳ ಮದವೆಲ್ಲ ಇಳಿದುಹೋಗುತ್ತದೆ ಎಂದು ಕಲ್ಲಿನಲ್ಲೇ ಕೊರೆದಿದ್ದಾರೆ. ಒಬ್ಬ ನಟನಿಗೆ 1,200 ವರ್ಷ ಬಾಳುವ ಪ್ರಶಸ್ತಿಪತ್ರ!

ಬ್ರಿಟನ್ನಿನ ‘ಡಾಕ್ಟರ್ ಹೂ’ ಕೇಳಿದ್ದೀರಾ? 1963ರ ನವೆಂಬರ್ 23ರಂದು ಶುರುವಾದ ವಿಜ್ಞಾನ ಕಥೆಯ ಧಾರಾವಾಹಿ. 1966ರಲ್ಲಿ ನಾಯಕ ನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಿತು. ಧಾರಾವಾಹಿ ನಿಂತಿತೇ? ಇಲ್ಲ! ನಾಯಕ ಹಳೆಯ ಮೈ ಬಿಟ್ಟು ಹೊಸ ಮೈ ಪಡೆಯುತ್ತಾನೆ ಎಂದು ಕಥೆಯಲ್ಲೇ ಹೊಂದಿಸಿಬಿಟ್ಟರು. ನಟ ಬದಲಾದ, ಪಾತ್ರ ಉಳಿಯಿತು!

ನಮ್ಮ ಬಾದಾಮಿಯಲ್ಲಿ ಸತ್ತು ಸತ್ತು ಎದ್ದು ಬರುವ ಪಾತ್ರ ಯಾವಾಗಲೋ ಇತ್ತಲ್ಲ! ಅಣ್ಣ ಇಲ್ವಲ ತನ್ನ ತಮ್ಮ ವಾತಾಪಿಯನ್ನೇ ಆಡು ಮಾಡಿ, ಕೊಯ್ದು, ಅಡಿಗೆ ಮಾಡಿ ಅತಿಥಿಗೆ ಬಡಿಸುತ್ತಿದ್ದ. ಉಂಡಾದ ಮೇಲೆ ‘ವಾತಾಪಿ, ಬಾ’ ಎಂದರೆ ಸಾಕು, ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಗೆ! ಕೊನೆಗೆ ಅಗಸ್ತ್ಯರು ಉಂಡು ಅರಗಿಸಿಕೊಂಡ ಮೇಲೆಯೇ ಈ ಆಟ ಮುಗಿದದ್ದು. ಊರಿನ ಹಳೆಯ ಹೆಸರೂ ಈ ರಕ್ಕಸ ವಾತಾಪಿಯದೇ.

ಈಗ ಬನಶಂಕರಿ ಜಾತ್ರೆಗೆ ಬನ್ನಿ. ಬಾದಾಮಿಯಿಂದ 5 ಕಿಲೋಮೀಟರ್, ಚೊಳಚಗುಡ್ಡದ ಬಳಿ. ತೇರಿನ ಹಿಂದಿನ ದಿನ ಪಲ್ಲೇದ ಹಬ್ಬ, ದೇವಿಗೆ 108 ಬಗೆಯ ಕಾಯಿಪಲ್ಲೆಯ ನೈವೇದ್ಯ. ಬನದ ಹುಣ್ಣಿಮೆಗೆ ತೇರು. ತೇರು ಎಳೆದರೆ ಜಾತ್ರೆ ಮುಗಿಯಿತು ಎಂದುಕೊಂಡಿರಾ? ಅಸಲಿ ಜಾತ್ರೆ ಆಮೇಲೆ! ವಾರಗಟ್ಟಲೆ ನಾಟಕ ಕಂಪನಿಗಳ ದರ್ಬಾರು. ಒಂದೇ ಬಯಲಲ್ಲಿ ಎಂಟು-ಹತ್ತು ಕಂಪನಿಗಳು ಅಕ್ಕಪಕ್ಕ ತಗಡಿನ ಥಿಯೇಟರ್ ಹಾಕುತ್ತವೆ. ಒಂದು ಕಂಪನಿಯ ಮೈಕು ನಗೆನಾಟಕಕ್ಕೆ ಕರೆಯುತ್ತದೆ, ಪಕ್ಕದ್ದು ತಾಯಿ-ಮಗನ ಕಣ್ಣೀರಿನ ಕಥೆಗೆ. ದಿನಕ್ಕೆ ಮೂರು-ನಾಲ್ಕು ಆಟ, ಕೊನೆಯ ಆಟ ಬಿಡುವಾಗ ಬೆಳಗಿನ ಜಾವ! ರಿಮೋಟು ಬೇಡ, ಕಾಲು ನಡೆಸಿದರೆ ಚಾನೆಲ್ಲು ಬದಲು!

ಒಳಗೆ ಹೋದರೆ ಇನ್ನೊಂದು ಬೆರಗು. ಮನೆಯ ಸೀನಿನಿಂದ ಜಮೀನುದಾರನ ಬಂಗಲೆಗೆ ಹೋಗಬೇಕು, ಆದರೆ ಆಟ ನಿಲ್ಲಬಾರದು. ಏನು ಮಾಡುತ್ತಾರೆ? ರಸ್ತೆಯ ಚಿತ್ರ ಬರೆದ ಪರದೆ ಸರ್‍ರನೆ ಇಳಿಯುತ್ತದೆ. ಅದರ ಮುಂದೆ ಹಾಸ್ಯದ ಜೋಡಿ ಬಂದು ಜನರ ಹೊಟ್ಟೆ ಹುಣ್ಣಾಗಿಸುತ್ತದೆ. ಪರದೆಯ ಹಿಂದೆ ಕುರ್ಚಿ, ಮಂಚ, ಕಂಬ ಎಲ್ಲ ಅದಲುಬದಲು! ನೀವು ನಗುತ್ತಿರುವಾಗಲೇ ಬಂಗಲೆ ಕಟ್ಟಿ ಮುಗಿದಿರುತ್ತದೆ. ಹಾಡು ಹಿಡಿಸಿತೋ, ‘ಒನ್ಸ್ ಮೋರ್’ ಕೂಗು. ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕು ಎಂಬುದು ಕಂಪನಿ ನಾಟಕದ ಹಳೆಯ ರೂಢಿ!

ಎಮ್ಮೆಯ ಮೇಲೆ ಕುಳಿತು ಡಾ. ರಾಜ್‌ಕುಮಾರ್ ಹಾಡಿದ ಹಾಡು ಯಾರಿಗೆ ಗೊತ್ತಿಲ್ಲ? ಆ ಎಮ್ಮೆಯ ಬೇರು ಹುನಗುಂದ ತಾಲ್ಲೂಕಿನಲ್ಲಿದೆ ಎಂದರೆ? ಹೌದು! ಆ ಹಾಡಿರುವ 1974ರ ‘ಸಂಪತ್ತಿಗೆ ಸವಾಲ್’ ಸಿನಿಮಾ ಮೊದಲು ಕಂಪನಿ ನಾಟಕ. ಬರೆದವರು ಸೂಳೇಭಾವಿಯ ಪಿ.ಬಿ. ಧುತ್ತರಗಿ. ಶ್ರೀಮಂತರ ಸೊಕ್ಕು ಮುರಿಯುವ ಹಳ್ಳಿಯ ಕಥೆ ಜಾತ್ರೆ ಜಾತ್ರೆ ತಿರುಗಿ, ಬೆಳ್ಳಿತೆರೆಗೆ ಏರಿತು. ಆ ಹಾಡಿನ ಯಶಸ್ಸಿನ ಮೇಲೆಯೇ ರಾಜ್‌ಕುಮಾರ್ ತಮ್ಮ ಚಿತ್ರಗಳಿಗೆ ತಾವೇ ಹಾಡತೊಡಗಿದರು. ಕನ್ನಡಕ್ಕೆ ಗಾಯಕ ರಾಜ್‌ಕುಮಾರ್ ಸಿಕ್ಕಿದ್ದರಲ್ಲಿ ಸೂಳೇಭಾವಿಯ ಪಾಲೂ ಉಂಟು! ಧುತ್ತರಗಿಯವರ ಹೆಸರು ಸಿನಿಮಾ ನೋಡಿದ ಪ್ರತಿಯೊಬ್ಬರಿಗೂ ಗೊತ್ತಿರಬೇಕಿತ್ತು.

ಬ್ರಿಟನ್ನಿನ ‘ಕೊರೊನೇಶನ್ ಸ್ಟ್ರೀಟ್’ 1960ರ ಡಿಸೆಂಬರ್ 9ರಂದು ಶುರುವಾಯಿತು. ಒಂದು ಬೀದಿ, ಅಲ್ಲಿನ ಮನೆಗಳು, ಅವರ ಜಗಳ, ಅಷ್ಟೇ ಕಥೆ. 2020ರ ಫೆಬ್ರುವರಿಯಲ್ಲಿ ಅದಕ್ಕೆ 10,000 ಕಂತು ತುಂಬಿತು! ಮೊದಲ ಕಂತಿನಲ್ಲಿ ತರುಣನಾಗಿ ಬಂದ ವಿಲಿಯಂ ರೋಚ್ ಅದೇ ಪಾತ್ರದಲ್ಲಿ ಮುದುಕರಾಗಿ ಗಿನ್ನೆಸ್ ದಾಖಲೆ ಸೇರಿದರು.

ಮನೆಜಗಳವನ್ನು ಇಡೀ ರಾತ್ರಿ ಎಳೆಯುವ ಕಲೆ ನಮ್ಮ ‘ಶ್ರೀಕೃಷ್ಣ ಪಾರಿಜಾತ’ಕ್ಕೂ ಚೆನ್ನಾಗಿ ಗೊತ್ತು! ಕಥೆಯ ಬಂಡವಾಳ ಎಷ್ಟು? ಒಂದೇ ಹೂವು! ನಾರದ ತಂದ ಪಾರಿಜಾತವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಅಷ್ಟಕ್ಕೇ ಬೆಳಕು ಹರಿಯುತ್ತದೆ! ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಇದನ್ನು ಆಟವಾಗಿ ಬೆಳೆಸಿದರು. ಅದೇ ಸೀಮೆಯ ಕೌಜಲಗಿ ನಿಂಗಮ್ಮ, ಹೆಣ್ಣು ವೇಷವನ್ನೂ ಗಂಡಸರೇ ಹಾಕುತ್ತಿದ್ದ ಕಾಲದಲ್ಲಿ ತಾವೇ ರಂಗಕ್ಕಿಳಿದು ಮನೆಮಾತಾದರು.

ಇನ್ನು ಕೊಲೆ ಕಥೆ. ಬ್ರಿಟನ್ನಿನ ‘ಮಿಡ್ಸೋಮರ್ ಮರ್ಡರ್ಸ್’ 1997ರಿಂದ ಚಂದದ ಹಳ್ಳಿಗಳಲ್ಲೇ ಹೆಣ ಬೀಳಿಸುತ್ತಿದೆ. ಆದರೆ ಅದು ಕಟ್ಟುಕಥೆ. ನಮ್ಮ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯಿಂದ ಹುಟ್ಟಿದ ಸಣ್ಣಾಟ! ಕೊಲೆಗಾರ ಯಾರು ಎಂದು ಊರಿಗೆಲ್ಲ ಗೊತ್ತು. ಜೀವದ ಗೆಳೆಯನೇ ಕೈಬಿಡುತ್ತಾನೆ ಎಂಬುದೂ ಗೊತ್ತು. ಆದರೂ ಆಟ ಹಚ್ಚಿದರೆ ಜನ ಕಿಕ್ಕಿರಿಯುತ್ತಾರೆ!

ಬಾಗಲಕೋಟೆ ಜಿಲ್ಲೆಯ ಬೀಳಗಿಯ ಇಬ್ಬರು ಅಕ್ಕತಂಗಿಯರ ಕಥೆ ಕೇಳಿ. ಸ್ತ್ರೀ ಪಾತ್ರಕ್ಕೇ ಲೋಕಪ್ರಸಿದ್ಧರಾದ ಗಂಡಸು, ಮರಾಠಿ ರಂಗಭೂಮಿಯ ಬಾಲಗಂಧರ್ವ. ಅವರ ಕಂಪನಿಗೆ ನಾಯಕಿಯಾಗಿ ಹೋದವರು ಗೋಹರಬಾಯಿ ಕರ್ನಾಟಕಿ. ತಂಗಿ ಅಮೀರಬಾಯಿ ಮುಂಬಯಿ ಸೇರಿ ಹಿಂದಿ ಸಿನಿಮಾದ ದೊಡ್ಡ ಗಾಯಕಿಯಾದರು. ಆಕೆ ಹಾಡಿದ 1943ರ ‘ಕಿಸ್ಮತ್’ ಕಲ್ಕತ್ತದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು! ಇಬ್ಬರ ಹೆಸರಿನಲ್ಲೂ ನಾಡಿನ ಹೆಸರು ಕೊನೆತನಕ ಉಳಿಯಿತು.

ಬ್ರಿಟನ್ನಿನ ಮೊದಲ ಟಿ.ವಿ. ನಾಟಕ ಯಾವಾಗ? 1930ರ ಜುಲೈ 14. ಚಿತ್ರದಲ್ಲಿದ್ದದ್ದು ಬರೀ 30 ಗೆರೆ! ಒಮ್ಮೆಗೆ ಒಬ್ಬರ ಮುಖ ಮಾತ್ರ ಹಿಡಿಸುತ್ತಿತ್ತು. ಪಾತ್ರ ಬದಲಿಸುವಾಗ ಕ್ಯಾಮೆರಾದ ಮುಂದೆ ಚೌಕಳಿಯ ಹಲಗೆ ಸರಿಸುತ್ತಿದ್ದರು. ನಮ್ಮ ರಸ್ತೆ ಪರದೆ ನೆನಪಾಯಿತೇ?

1986ರ ಕ್ರಿಸ್‌ಮಸ್ ದಿನ ಬ್ರಿಟನ್ನಿನ ‘ಈಸ್ಟ್ ಎಂಡರ್ಸ್’ನಲ್ಲಿ ಗಂಡ ಹೆಂಡತಿಯ ಕೈಗೆ ವಿಚ್ಛೇದನದ ಕಾಗದ ಇಟ್ಟ. ನೋಡಿದವರು 3 ಕೋಟಿಗೂ ಹೆಚ್ಚು. ಅಂದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನ!

ಅದೇ ಸುಮಾರಿಗೆ ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ತೆಗೆದು ದೇಶವನ್ನೆಲ್ಲ ಟಿ.ವಿ. ಮುಂದೆ ಕೂರಿಸಿದರು. ಇನ್ನು ದೂರದರ್ಶನದ ‘ಸಿಹಿಕಹಿ’ ಧಾರಾವಾಹಿ ನಟ ಚಂದ್ರು, ನಟಿ ಗೀತಾ ಇಬ್ಬರ ಹೆಸರಿಗೂ ಅಂಟಿಕೊಂಡಿತು, ಇಬ್ಬರೂ ಗಂಡ ಹೆಂಡತಿಯೂ ಆದರು! ಧಾರಾವಾಹಿಯಲ್ಲಿ ವಕೀಲರ ವಾದವನ್ನೇ ಮನೆಮಂದಿ ಉಸಿರು ಬಿಗಿಹಿಡಿದು ನೋಡುವಂತೆ ಮಾಡಿದವರು ಟಿ.ಎನ್. ಸೀತಾರಾಂ.

2021ರಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ನೋಡಿದ್ದೀರಲ್ಲ? ಆ ಪುಟ್ಟಕ್ಕ ನಮ್ಮ ಜಿಲ್ಲೆಯ ಶಾಸಕಿಯಾಗಿದ್ದವರು! ಉಮಾಶ್ರೀ 2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯಾದರು. ಅದಕ್ಕೂ ಮೊದಲು ‘ಒಡಲಾಳ’ ನಾಟಕದ ಸಾಕವ್ವನಾಗಿ ರಂಗಭೂಮಿಯಲ್ಲಿ ಹೆಸರು, ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ. ರಂಗ, ಸಿನಿಮಾ, ವಿಧಾನಸೌಧ, ಧಾರಾವಾಹಿ, ಎಲ್ಲ ಒಬ್ಬರೇ!

ಬರುವ ಬನದ ಹುಣ್ಣಿಮೆಗೆ ಮಹಾಕೂಟದ ಪುಷ್ಕರಣಿ, ಪಟ್ಟದಕಲ್ಲಿನ ಅಚಲನ ಕಂಬ ನೋಡಿಕೊಂಡು ಬನಶಂಕರಿಗೆ ಬನ್ನಿ. ತೇರು ಎಳೆದ ಕೂಡಲೇ ಬಸ್ಸು ಹತ್ತಬೇಡಿ. ಟಿಕೆಟ್ ತೆಗೆಸಿ, ಕೊನೆಯ ಆಟದ ತನಕ ಕೂತು ನೋಡಿ!