ಎಕ್ಸ್‌ರೇ ಕೋಣೆಗೆ ಹೋಗುವ ಮುನ್ನ

ಮಗುವನ್ನು ತಂಬ್ರಹಳ್ಳಿಯಿಂದ ಹಗರಿಬೊಮ್ಮನಹಳ್ಳಿಗೋ ಹೊಸಪೇಟೆಗೋ ಎಕ್ಸ್‌ರೇಗೆ ಕರೆದೊಯ್ಯುವಾಗ, ‘ಕಿರಣ ತಾಗಿ ಏನಾದೀತೋ’ ಎಂಬ ಅಳುಕು ಯಾವ ತಾಯಿಗಿಲ್ಲ ಹೇಳಿ? ಹಾಗೆಂದು ವೈದ್ಯರು ಬರೆದುಕೊಟ್ಟ ಎಕ್ಸ್‌ರೇ ಬಿಡಬೇಡಿ. ಹದವಾಗಿ ತೆಗೆದ ಎದೆಯ ಎಕ್ಸ್‌ರೇಯಿಂದ ತಗಲುವ ಕಿರಣ, ಮಣ್ಣು-ಆಕಾಶಗಳಿಂದ ಸುಮಾರು 10 ದಿನಗಳಲ್ಲಿ ತಾನಾಗಿ ತಗಲುವುದಕ್ಕಿಂತ ಹೆಚ್ಚಲ್ಲ.

ಈ ಹದವೇ ಮುಖ್ಯ. ರೊಟ್ಟಿಯ ದಪ್ಪ ನೋಡಿ ನೀವು ಉರಿ, ಹೊತ್ತು ಎರಡನ್ನೂ ಹೊಂದಿಸುವುದಿಲ್ಲವೇ? ಇಲ್ಲೂ ಹಾಗೆಯೇ. ಕಿರಣ ಎಷ್ಟು ಆಳಕ್ಕೆ ತೂರಬೇಕೆಂಬುದು ಕಿಲೋವೋಲ್ಟ್‌ನ ಲೆಕ್ಕ. ಎಷ್ಟು ಬೀಳಬೇಕೆಂಬುದು ಮಿಲಿಆಂಪಿಯರ್ ಮತ್ತು ಸಮಯದ ಲೆಕ್ಕ. ಮಗುವಿನ ಕೈಗೂ ದೊಡ್ಡವರ ಸೊಂಟಕ್ಕೂ ಒಂದೇ ಅಳತೆ ಸಲ್ಲದು. ಕಿರಣ ಕಡಿಮೆಯಾದರೆ ಚಿತ್ರ ಸ್ಪಷ್ಟವಿರದು. ಹೆಚ್ಚಾದರೆ ಹಿಂದೆ ಫಿಲ್ಮೇ ಕಪ್ಪಾಗಿ ಗುಟ್ಟು ರಟ್ಟಾಗುತ್ತಿತ್ತು. ಈಗಿನ ಡಿಜಿಟಲ್ ಯಂತ್ರ ಚಿತ್ರವನ್ನು ತಿದ್ದಿಬಿಡುವುದರಿಂದ ಅದು ಕಣ್ಣಿಗೇ ಬೀಳದು. ಆದ್ದರಿಂದ ತಂತ್ರಜ್ಞರು ಮೊದಲೇ ಅಳತೆ ನೋಡಿ ಹಾಕಬೇಕು.

ಎರಡನೇ ಸಲ ತೆಗೆಯುವಂತಾಗದಿರಲು ನೀವೂ ನೆರವಾಗಿ. ಸರ, ಪಿನ್ನು ತೆಗೆದಿಡಿ. ‘ಉಸಿರು ಹಿಡಿಯಿರಿ’ ಎಂದಾಗ ಅಲುಗಬೇಡಿ. ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿರಿ. ಮುಟ್ಟು ತಪ್ಪಿದ್ದರೆ ನಾಚಿಕೆ ಬಿಟ್ಟು ಮೊದಲೇ ಹೇಳಿ. ಬಸುರಿಯಾಗಿದ್ದರೆ ಮಗುವನ್ನು ಹಿಡಿದುಕೊಳ್ಳಲು ಮನೆಯವರು ಬೇರೆ ಯಾರಾದರೂ ಒಳಗೆ ಹೋಗಲಿ.